ಕಟಕಟ ಪುರಾಣ

ಹನಗೋಡಿನ ಕಡೆ ಹಳೇ ಮಾರುತಿಯೊಂದು ತಿರುವಿಗೆ ಬಂದರೆ ನೋಡಬೇಕಾಗಿಲ್ಲ, ಕಿವಿಯೇ ಹೇಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕೂಡಲೇ ಮುಂದಿನ ಚಕ್ರದ ಬಳಿ ‘ಕಟ್ ಕಟ್ ಕಟ್’. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ರೋಗವಿರಲಿಲ್ಲ. ತಳ್ಳುವ ಕೆಲಸ ಹಿಂದಿನ ಚಕ್ರದ್ದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಮುಂದಿನ ಚಕ್ರದ ಪಾಡು ಹಿರೀಸೊಸೆಯದ್ದಾಯಿತು: ಎಳೆಯುವುದೂ ಅದೇ, ತಿರುಗುವುದೂ ಅದೇ, ಗುಂಡಿಗೆ ಮೊದಲು ಬೀಳುವುದೂ ಅದೇ.

ಎಳೆತ, ತಿರುಗಾಟ ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಡ್ರೈವ್‌ಶಾಫ್ಟಿನ ತುದಿಯ ಜಾಯಿಂಟು. ಒಳಗೆ ಆರು ಉಕ್ಕಿನ ಗುಂಡು, ಕರೀ ಗ್ರೀಸು. ಮೇಲೆ ಮಡಿಕೆ ಮಡಿಕೆಯ ರಬ್ಬರ್ ಬೂಟು. ಬೂಟು ಹರಿದರೆ ಗ್ರೀಸು ಚಕ್ರದ ಒಳಮೈಗೆ ಎರಚಿ ಹೋಗುತ್ತದೆ. ಆ ಜಾಗಕ್ಕೆ ಲಕ್ಷ್ಮಣತೀರ್ಥದ ಮರಳು, ಹೊಗೆಸೊಪ್ಪಿನ ಹೊಲದ ಮಣ್ಣು ಬಂದು ಕೂರುತ್ತವೆ. ಶಬ್ದಕ್ಕೆ ಮುಂಚೆಯೇ ಬಗ್ಗಿ ನೋಡಿದರೆ ಬೂಟು, ಗ್ರೀಸಿನಲ್ಲೇ ಮುಗಿಯುತ್ತದೆ. ನಮ್ಮವರು ನೋಡುವುದು ಬಾಗಿಲ ಗೀರು ಮಾತ್ರ.

“ಅಣ್ಣೋ, ಆಕ್ಸಲ್ ಹೋಯ್ತು” ಎಂದ ಮೆಕ್ಯಾನಿಕ್‌ಗೆ, “ಸೊಪ್ಪು ಮಾರಾಟ ಆಗ್ಲಿ ಕಣಪ್ಪ, ಅಲ್ಲೀಗಂಟ ಎಡಕ್ಕೆ ತಿರುಗಿಸಾಕಿಲ್ಲ” ಎಂದವರುಂಟು. ಹುಣಸೂರಿನಿಂದ ಬರೀ ಬಲಕ್ಕೆ ತಿರುಗುತ್ತಾ ಊರು ಸೇರುವ ದಾರಿ ಯಾವುದೋ ಅವರೇ ಬಲ್ಲರು!

ಕೊನೆಗೂ ಬಿಚ್ಚುವ ದಿನ ಚಕ್ರದ ನಡುವಿನ ನಟ್ಟು ಹಠ ಹಿಡಿಯುತ್ತದೆ. ಗಾಡಿ ನೆಲದ ಮೇಲಿರುವಾಗಲೇ ಅದನ್ನು ಸಡಿಲಿಸಬೇಕು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಊರಿನ ಅತಿ ದಪ್ಪನೆಯ ಆಸಾಮಿಯನ್ನು ಕರೆಸಬೇಕು. ಶಾಫ್ಟು ಹೊರಬಂತೆಂದರೆ ಹಿಂದೆಯೇ ಗೇರ್‌ಬಾಕ್ಸ್ ಆಯಿಲು. ಕೆಳಗೆ ಟ್ರೇ ಇಡದಿದ್ದರೆ ಅದು ಹರಿಯುವುದು ಸುತ್ತ ಕುಕ್ಕರುಗಾಲಲ್ಲಿ ಕೂತು ಸಲಹೆ ಕೊಡುವವರ ಬಿಳೀ ಪಂಚೆಯ ಕಡೆಗೆ. ಜಾಣ ಮೆಕ್ಯಾನಿಕ್‌ಗಳು ಟ್ರೇ ಸ್ವಲ್ಪ ತಡವಾಗಿಯೇ ಹುಡುಕುತ್ತಾರೆ.