ವೀರವೈಷ್ಣವಿ ತಂಡದ ಪೀಪಿ

ರೈಲ್ವೆಯವರ ಲೆಕ್ಕದಲ್ಲಿ ಯಲಿಯೂರು ಅಂದರೆ ಒಂದೇ ಒಂದು ಇಂಗ್ಲಿಷ್ ಅಕ್ಷರ: ವೈ. ಪಕ್ಕದ ಮಂಡ್ಯಕ್ಕೆ ಧಾರಾಳವಾಗಿ ಮೂರಕ್ಷರ ಕೊಟ್ಟವರು ಇಲ್ಲಿಗೆ ಬರುವ ಹೊತ್ತಿಗೆ ಯಾಕೆ ಅಷ್ಟು ಕೈ ಬಿಗಿ ಮಾಡಿದರೋ. ಮಂಡ್ಯ ಬಿಟ್ಟು ಮೈಸೂರಿನ ಕಡೆ ಹೊರಟರೆ ಮೊದಲು ಸಿಗುವ ನಿಲ್ದಾಣ ಅದು. ಹನ್ನೆರಡು ವರ್ಷದ ಹಿಂದೆ ಪ್ಯಾಸೆಂಜರ್ ಗಾಡಿಯಿಂದ ಅಲ್ಲಿ ಇಳಿದಾಗ ನನ್ನ ಹೆಗಲ ಮೇಲೆ ಚಾಪೆ, ಕೈಯಲ್ಲಿ ಬಕೆಟ್ಟು, ಕೊರಳಲ್ಲಿ ಒಂದು ಪೀಪಿ ಇತ್ತು. ಚಾಪೆ ಅಮ್ಮನದು, ಬಕೆಟ್ಟು ಪಕ್ಕದ ಮನೆಯವರದು, ಪೀಪಿ ಕಾಲೇಜಿನದು. ನನ್ನದೇ ಅಂತ ಇದ್ದದ್ದು ಗಂಟಲು ಮಾತ್ರ.

ಆ ಗಂಟಲಿನಿಂದಲೇ ನಾನು ನಾಯಕನಾದದ್ದು. ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ವಿಶೇಷ ಶಿಬಿರಕ್ಕೆ ನಮ್ಮ ಘಟಕದ 100 ಜನರಲ್ಲಿ 50 ಮಂದಿಯನ್ನು ಆರಿಸಿ, ಜಿಲ್ಲೆಯಲ್ಲಿ ಹರಿಯುವ ಐದು ನದಿಗಳ ಹೆಸರಿನಲ್ಲಿ ಐದು ತಂಡ ಮಾಡಿದ್ದರು. ಕಾವೇರಿ, ಹೇಮಾವತಿ, ಶಿಂಷಾ, ಲೋಕಪಾವನಿಗಳನ್ನು ಬುದ್ಧಿವಂತರು ಹಾರಿಸಿಕೊಂಡು ಹೋದ ಮೇಲೆ ನಮಗೆ ಉಳಿದದ್ದು ವೀರವೈಷ್ಣವಿ. ‘ಇದು ನದೀನೋ ದೇವಸ್ಥಾನಾನೋ ಸಾರ್?’ ಅಂತ ನಮ್ಮ ತಂಡದ ಮದ್ದೂರಿನವನು ಕೇಳಿದ. ನಮ್ಮ ಕಾರ್ಯಕ್ರಮಾಧಿಕಾರಿಗಳು ಅದಕ್ಕೆ ಉತ್ತರ ಕೊಡದೆ, ‘ಜೋರಾಗಿ ಕೂಗಕ್ಕೆ ಯಾರಿಗಪ್ಪಾ ಬರುತ್ತೆ?’ ಅಂದರು. ಒಂಬತ್ತು ಬೆರಳು ನನ್ನ ಕಡೆ ತಿರುಗಿದವು. ತಪ್ಪೇನಿಲ್ಲ. ಕ್ರಿಕೆಟ್ ಆಡುವಾಗ ನಾನು ‘ಔಟ್’ ಅಂತ ಅರಚಿದರೆ ಪಕ್ಕದ ಮೈದಾನದಲ್ಲಿ ಆಡುತ್ತಿದ್ದವನೂ ಬ್ಯಾಟು ಎತ್ತಿಕೊಂಡು ನಡೆದುಬಿಡುತ್ತಿದ್ದ.

ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆ ಶುರು ಮಾಡಿದರಂತೆ. ದೊಡ್ಡ ಮನುಷ್ಯರು. ಮುಂದೊಂದು ದಿನ ಮಂಡ್ಯದ ಹುಡುಗನೊಬ್ಬ, ಎನ್‌ಸಿಸಿಯಲ್ಲಿ ಬೆಳಗಿನ ಜಾವ ಎಬ್ಬಿಸಿ ಓಡಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಇದಕ್ಕೆ ಸೇರುತ್ತಾನೆ ಅಂತ ಅವರಾದರೂ ಹೇಗೆ ಊಹಿಸಬೇಕು? ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಮಾಡಿದ್ದನ್ನು ದಿನಚರಿಯಲ್ಲಿ ಬರೆಯಬೇಕು. ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಯಲ್ಲಿ ಕೊನಾರ್ಕದ ರಥದ ಚಕ್ರ. ಅದರ ಎಂಟು ಅರಗಳು ದಿನದ ಎಂಟು ಯಾಮಗಳು, ಅಂದರೆ ಇಪ್ಪತ್ತನಾಲ್ಕು ಗಂಟೆಯೂ ಸೇವೆಗೆ ತಯಾರು ಅಂತ ಅರ್ಥ. ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಗುದ್ದಲಿ ಕೈಗೆ ಬಂದಾಗಲೆಲ್ಲ ನಾನು ಈ ಮಂತ್ರವನ್ನು ಭಕ್ತಿಯಿಂದ ಹೇಳಿ ಪಕ್ಕದವನಿಗೆ ದಾಟಿಸುತ್ತಿದ್ದೆ.

ಏಳು ದಿನದ ಶಿಬಿರ. ಶಾಲೆಯ ಕೋಣೆಗಳಲ್ಲಿ ವಾಸ. ಬೆಳಿಗ್ಗೆ ಐದೂವರೆಗೆ ನಾನು ಪೀಪಿ ಊದುವುದು, ಊರಿನ ನಾಯಿಗಳೆಲ್ಲ ಅದಕ್ಕೆ ಪಲ್ಲವಿ ಹಾಡುವುದು. ಆಮೇಲೆ ಪ್ರಭಾತ ಫೇರಿ, ಧ್ವಜಾರೋಹಣ, ಉಪ್ಪಿಟ್ಟು, ಶ್ರಮದಾನ. ಮೊದಲ ದಿನ ಕಾಂಗ್ರೆಸ್ ಗಿಡ ಕೀಳುವ ಕೆಲಸ. ಪಾರ್ಥೇನಿಯಂಗೆ ನಮ್ಮ ಕಡೆ ಅದೇ ಹೆಸರು, ಪಕ್ಷದವರು ಬೇಸರ ಮಾಡಿಕೊಳ್ಳಬಾರದು. ಬರಿಗೈಯಲ್ಲಿ ಕಿತ್ತವರಿಗೆ ಸಂಜೆ ಹೊತ್ತಿಗೆ ಮೈಯೆಲ್ಲ ತುರಿಕೆ. ನನಗೆ ಏನೂ ಆಗಲಿಲ್ಲ. ನಾಯಕತ್ವ ವಹಿಸಿದವರ ಚರ್ಮ ದಪ್ಪ ಇರುತ್ತದೆ ಅಂತ ಆಗ ತಿಳಿದಿದ್ದೆ. ನಾನು ಒಂದೂ ಗಿಡ ಕಿತ್ತಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಎರಡನೇ ದಿನದಿಂದ ಚರಂಡಿ. ಸನಿಕೆಯಲ್ಲಿ ಹೂಳು ಎತ್ತಿ ಬಾಣಲಿಗೆ ತುಂಬಿ ದಡಕ್ಕೆ ಸುರಿಯುವುದು. ನಾನು ದಡದ ಮೇಲೆ ನಿಂತು ಪೀಪಿ ಊದುವುದು. ಒಂದು ಊದಿದರೆ ಶುರು, ಎರಡು ಊದಿದರೆ ನೀರು ಕುಡಿಯಬಹುದು, ಮೂರು ಊದಿದರೆ ಫೋಟೋ. ನಮ್ಮ ತಂಡದಲ್ಲಿ ಮಳವಳ್ಳಿ ಕಡೆಯ ಹುಡುಗಿಯೊಬ್ಬಳಿದ್ದಳು. ಹೆಚ್ಚು ಮಾತಿಲ್ಲ, ಮೊಳಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದವಳು ಮಧ್ಯೆ ಮಧ್ಯೆ ತಲೆ ಎತ್ತಿ ಏನೋ ಹೇಳಲು ಬರುತ್ತಿದ್ದಳು. ನಾನು ಒಂದು ಊದುತ್ತಿದ್ದೆ.

ಅಷ್ಟರಲ್ಲಿ ಎದುರು ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೈ ಬೀಸಿ ಕರೆದರು. ಮಜ್ಜಿಗೆ ಕೊಡುತ್ತಾರೇನೋ ಅಂತ ನಾಯಕ ಓಡಿದ.

‘ಯಾಕ್ಲಾ ಮಗ ಅಂಗ್ ಊದೀಯೆ? ಒಳಗೆ ಕೂಸು ಮಲಗೈತೆ.’

‘ಚರಂಡಿ ಕ್ಲೀನ್ ಮಾಡ್ತಿದೀವಿ ಅಜ್ಜಿ.’

‘ಅದ್ಕೇ ಕನ್ಲಾ ಕೇಳಿದ್ದು. ಓದ್ ಸತಿನೂ ಯಾರೋ ಬಂದಿದ್ರು. ಎತ್ತುದ್ರು, ಇಲ್ಲೇ ದಡದ ಮ್ಯಾಲೆ ಗುಡ್ಡೆ ಆಕುದ್ರು, ಪೋಟೋ ತೆಗುಸ್ಕಂಡು ಒಂಟೋದ್ರು. ಒಂದ್ ಮಳೆ ಬಿತ್ತು ನೋಡು, ಗುಡ್ಡೆ ಪೂರಾ ತಿರ್ಗ ಒಳಕ್ಕೆ. ಆ ಪಾಟಿ ಎತ್ತಿ ಅದ್ನೇ ತುಂಬೋದಾದ್ರೆ ಇದ್ಯಾಕ್ಲಾ ಎತ್ತೀರಿ?’

ರೈಲ್ವೆಯವರು ಈ ಊರಿಗೆ ವೈ ಅಂತ ಯಾಕೆ ಹೆಸರಿಟ್ಟರೋ ನನಗೆ ಆ ಕ್ಷಣ ಗೊತ್ತಾದಂತಾಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ‘ಸಾರ್ ಹೇಳಿದಾರೆ ಅಜ್ಜಿ’ ಅಂದು ಬಂದು, ಬೇರೇನೂ ತೋಚದೆ ಎರಡು ಊದಿದೆ. ಎಲ್ಲರೂ ನೀರು ಕುಡಿದರು.

ಮೂರನೇ ದಿನ ಮಧ್ಯಾಹ್ನ ವಿಶೇಷ ಉಪನ್ಯಾಸ: ‘ನಾಯಕತ್ವ ಮತ್ತು ಆತ್ಮಾವಲೋಕನ’. ಊಟಕ್ಕೆ ಮುದ್ದೆ, ಉಪ್ಸಾರು. ಉಪನ್ಯಾಸಕರು, ‘ಎಲ್ಲರೂ ಕಣ್ಣು ಮುಚ್ಚಿ ನಿಮ್ಮೊಳಗೆ ಇಳಿಯಿರಿ’ ಅಂದರು. ಎರಡು ಮುದ್ದೆ ಒಳಗೆ ಇಳಿಸಿದ ಮೇಲೆ ನಾವು ಇಳಿಯುವುದು ಕಷ್ಟವೇ? ಐವತ್ತು ಜನವೂ ಇಳಿದವರು ಮೇಲೆ ಬರಲೇ ಇಲ್ಲ. ಅವರು ಮೇಜು ಕುಟ್ಟಿ ಎಬ್ಬಿಸಿ ಹಾಳೆ ಹಂಚಿದರು. ಹಾಳೆಯಲ್ಲಿ ನಮ್ಮ ಶಕ್ತಿ, ದೌರ್ಬಲ್ಯ ಬರೆಯಬೇಕು. ಶಕ್ತಿ ಅನ್ನುವಲ್ಲಿ ‘ನಾಯಕತ್ವ’ ಅಂತ ಬರೆದೆ. ದೌರ್ಬಲ್ಯಕ್ಕೆ ಬಹಳ ಹುಡುಕಿ ‘ಅತಿಯಾದ ಒಳ್ಳೆಯತನ’ ಅಂತ ಬರೆದೆ. ಹಾಳೆ ತಿರುಗಿಸಿ ತಂಡದಲ್ಲಿ ಒಂದು ಸುತ್ತು ಬಿಡಿ, ಬೇರೆಯವರು ನಿಮ್ಮ ಬಗ್ಗೆ ಒಂದೊಂದು ಸಾಲು ಬರೆಯಲಿ, ಬರೆದವರು ಹೆಸರು ಹಾಕುವುದು ಬೇಡ ಅಂದರು. ಇದು ಮೊದಲೇ ಗೊತ್ತಿದ್ದರೆ ನಾನು ಹಿಂದಿನ ದಿನವಾದರೂ ಯಾರಿಗಾದರೂ ಬಾಳೆಹಣ್ಣು ಕೊಡಿಸುತ್ತಿದ್ದೆ.

ಹಾಳೆ ವಾಪಸ್ ಬಂತು. ‘ಪೀಪಿ ಚೆನ್ನಾಗಿ ಊದುತ್ತಾನೆ’ ಅಂತ ಮೂರು ಬೇರೆ ಬೇರೆ ಅಕ್ಷರಗಳಲ್ಲಿತ್ತು. ‘ಇವನ ಗುದ್ದಲಿ ಇನ್ನೂ ಅಂಗಡಿಯಲ್ಲಿದ್ದಂತೆಯೇ ಇದೆ’ ಅಂತ ಒಬ್ಬರು. ‘ಊಟಕ್ಕೆ ಮೊದಲು ನಿಲ್ಲುತ್ತಾನೆ, ಚರಂಡಿಗೆ ಇಳಿಯುವಾಗ ಹಾಜರಿ ಕರೆಯುತ್ತಾನೆ’ ಅಂತ ಮತ್ತೊಬ್ಬರು. ಇದು ಮದ್ದೂರಿನವನದೇ, ಅವನ ‘ಳ’ ಎಲ್ಲಿದ್ದರೂ ಗೊತ್ತಾಗುತ್ತದೆ. ಕೊನೆಯ ಸಾಲು ಗುಂಡಾದ ಅಕ್ಷರದಲ್ಲಿ: ‘ಒಳ್ಳೆಯವನು. ಕಿವಿ ಕೇಳಿಸುವುದಿಲ್ಲ.’

ಉಳಿದವನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬಹುದಿತ್ತು. ಈ ಕಿವಿಯ ವಿಷಯ ಮಾತ್ರ ನಿದ್ದೆಗೆಡಿಸಿತು. ನನ್ನ ಕಿವಿ ಚೆನ್ನಾಗಿಯೇ ಇದೆಯಲ್ಲ! ರಾತ್ರಿ ಚಾಪೆಯ ಮೇಲೆ ಮಲಗಿ ಪರೀಕ್ಷೆ ಮಾಡಿದೆ. ದೂರದ ರೈಲಿನ ಶಬ್ದ ಕೇಳುತ್ತದೆ, ಜೀರುಂಡೆ ಕೇಳುತ್ತದೆ, ಮದ್ದೂರಿನವನು ನಿದ್ದೆಗಣ್ಣಿನಲ್ಲಿ ಯಾರಿಗೋ ಮದ್ದೂರು ವಡೆಯ ಚರಿತ್ರೆ ಹೇಳುವುದೂ ಕೇಳುತ್ತದೆ. 1917ರಲ್ಲಿ ಅವರ ಊರಿನ ಸ್ಟೇಷನ್ನಿನಲ್ಲಿ ರೈಲು ಬೇಗ ಬಂದುಬಿಟ್ಟಿತು, ಉಂಡೆ ಕಟ್ಟಿ ಬೇಯಿಸಲು ಹೊತ್ತಿಲ್ಲದೆ ಹಿಟ್ಟನ್ನು ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರು ಅನ್ನುವ ಕಥೆ. ನಿದ್ದೆಯಲ್ಲೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಹೀಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಮಲಗಿದ್ದವನಿಗೆ, ಕೇಳಿಸಿಕೊಳ್ಳದ ಒಂದು ದನಿ ಚರಂಡಿಯಿಂದ ಎದ್ದು ಬಂದಂತೆ ನೆನಪಾಯಿತು.

ಬೆಳಿಗ್ಗೆ ಮಳವಳ್ಳಿಯವಳನ್ನು ಕೇಳಿದೆ: ‘ನೀನು ಮೊನ್ನೆ ಏನೋ ಹೇಳಕ್ಕೆ ಬಂದಿದ್ದೆ, ಅಲ್ವಾ?’

‘ಮೂರು ಸಲ ಬಂದಿದ್ದೆ’ ಅಂದಳು.

ಮನೆ ಮನೆ ಸಮೀಕ್ಷೆಗೆ ಹೋದಾಗ ನಾವೆಲ್ಲ ನಮೂನೆಯ ಕಲಮುಗಳನ್ನು ತುಂಬಿಸಿ ಬಂದಿದ್ದೆವು. ನಿಜ ಹೇಳಬೇಕೆಂದರೆ ಊರಿನವರೇ ನಮ್ಮ ಸಮೀಕ್ಷೆ ಮಾಡಿದ್ದರು: ಯಾವೂರು, ಯಾರ ಮಗ, ಎಷ್ಟು ಎಕರೆ, ಅಕ್ಕನಿಗೆ ಮದುವೆ ಆಯಿತಾ. ಇವಳು ಮಾತ್ರ ನಮೂನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬೇರೇನೋ ಬರೆದುಕೊಂಡಿದ್ದಳು. ಯಾರ ಮನೆಯಲ್ಲಿ ಟ್ರಾಕ್ಟರ್ ಇದೆ, ಯಾರ ತಿಪ್ಪೆಗೆ ಗೊಬ್ಬರ ಬೇಕು. ‘ಕಬ್ಬು ಕಡಿಯೋ ಕಾಲ. ಆಲೆಮನೆಗೆ ಲೋಡು ಇಳಿಸಿ ಎಲ್ಲ ಖಾಲಿ ವಾಪಸ್ ಬರ್ತಾವೆ. ಹೂಳು ಬೇಕು ಅಂದೋರು ಆರು ಮನೆಯೋರು. ಮೊದಲು ಪ್ಲಾಸ್ಟಿಕ್ ಆರಿಸಿ ತೆಗೀಬೇಕು. ಆಮೇಲೆ ಗಾಡಿ ನಿಲ್ಲಿಸೋಕೆ ಒಬ್ಬರು ಬೇಕು’ ಅಂದು ನನ್ನ ಕೊರಳಿನ ಕಡೆ ನೋಡಿದಳು.

ಅವತ್ತು ಪ್ಲಾಸ್ಟಿಕ್ ಆರಿಸಿದ್ದೇ ಆರಿಸಿದ್ದು. ಶಾಂಪೂ ಚೀಟಿ, ಗುಟ್ಕಾ ಪಾಕೀಟು, ಒಂಟಿ ಚಪ್ಪಲಿ. ಒಂಟಿ ಚಪ್ಪಲಿಗಳೆಲ್ಲ ಎಡಗಾಲಿನವೇ ಯಾಕೆ ಅನ್ನುವುದು ಸಂಶೋಧನೆಗೆ ಯೋಗ್ಯವಾದ ವಿಷಯ. ಗುದ್ದಲಿಯೂ ಹಿಡಿದೆ. ಅರ್ಧ ಗಂಟೆಗೆ ಅಂಗೈಯಲ್ಲಿ ನಾಲ್ಕು ಬೊಬ್ಬೆ. ಅದನ್ನು ನೋಡಿದ ತಂಡದ ಕಣ್ಣಲ್ಲಿ ಕಂಡಷ್ಟು ಸಂತೋಷವನ್ನು ನಾನು ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ.

ಮಾರನೆಯ ದಿನ ಊರ ಬಾಗಿಲಲ್ಲಿ ನಿಂತು, ದೂರದಲ್ಲಿ ಟ್ರಾಕ್ಟರ್ ಕಂಡೊಡನೆ ರಸ್ತೆ ಮಧ್ಯಕ್ಕೆ ಬಂದು ಕೈ ಎತ್ತಿ ಉದ್ದಕ್ಕೆ ಊದಿದೆ. ಗಾಡಿ ನಿಂತಿತು. ಇಂಜಿನ್ ಆರಿತು. ಚಾಲಕ ಇಳಿದು ಬಂದು ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ, ‘ಸಾರ್, ಡಿಎಲ್ ಮನೇಲಿ ಐತೆ, ಬುಟ್ಬುಡಿ ಸಾರ್’ ಅಂದ. ವಿವರಿಸುವಷ್ಟರಲ್ಲಿ ಹಿಂದೆ ಬರುತ್ತಿದ್ದ ಇನ್ನೊಂದು ಗಾಡಿ ನನ್ನನ್ನು ನೋಡಿ ಗದ್ದೆ ಬದಿಯ ಓಣಿಗೆ ಇಳಿದು ಮಾಯವಾಯಿತು. ಮೂರನೆಯದು ಕಬ್ಬು ಹೇರಿಕೊಂಡೇ ಬಂತು. ಅದನ್ನು ತಪ್ಪಾಗಿ ನಿಲ್ಲಿಸಿದ್ದಕ್ಕೆ ತಂಡದವರು ತಲಾ ಒಂದು ಜಲ್ಲೆ ಎಳೆದುಕೊಂಡು ನನ್ನ ನಾಯಕತ್ವವನ್ನು ಮೊದಲ ಸಲ ಮೆಚ್ಚಿದರು. ನಾಲ್ಕನೆಯವನು ಡೀಸೆಲ್ ಕಾಸು ಕೇಳಿದ. ಏನು ಹೇಳುವುದೋ ತಿಳಿಯದೆ ಬೆಪ್ಪಾಗಿ ನಿಂತಿದ್ದಾಗ ಅದೇ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದರು. ‘ಏ ಬಾರ್ಲಾ, ಗೊಬ್ರ ಓಗೋದು ನಿಮ್ಮಪ್ಪನ್ ಗದ್ದೆಗೇಯ. ಯಾರ್ತಾವ್ ಕಾಸು ಕೇಳೀಯೆ?’ ಮುಗಿಯಿತು. ಪೀಪಿಯಿಲ್ಲ, ಬಿಲ್ಲೆಯಿಲ್ಲ, ಉಪನ್ಯಾಸವೂ ಇಲ್ಲ.

ಎರಡು ದಿನದಲ್ಲಿ ಏಳು ಲೋಡು ಹೋಯಿತು. ದಡದ ಮೇಲೆ ಗುಡ್ಡೆ ಉಳಿಯಲಿಲ್ಲ. ದಿನಚರಿಯಲ್ಲಿ ನಾನು ಪ್ರಾಮಾಣಿಕವಾಗಿ ‘ಟ್ರಾಕ್ಟರ್ ನಿಲ್ಲಿಸಿದ್ದು: 9 ಗಂಟೆ’ ಅಂತ ಬರೆದಿದ್ದೆ. ಕಾರ್ಯಕ್ರಮಾಧಿಕಾರಿಗಳು ತುಂಬಾ ಹೊತ್ತು ನೋಡಿ, ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಶ್ರಮದಾನ’ ಅಂತ ಬರೆದು ಸಹಿ ಮಾಡಿದರು.

ಸಮಾರೋಪದಲ್ಲಿ ಉತ್ತಮ ತಂಡ ಅಂತ ವೀರವೈಷ್ಣವಿಯ ಹೆಸರು ಕೂಗಿ ನಾಯಕನನ್ನು ವೇದಿಕೆಗೆ ಕರೆದರು. ನನಗೆ ಗಂಟಲು ಕಟ್ಟಿತು. ಮಳವಳ್ಳಿಯವಳ ಕಡೆ ತಿರುಗಿ, ‘ನೀನು ಹೋಗು. ನನಗಲ್ಲ, ನಿನಗೆ’ ಅಂದೆ. ಏಳು ದಿನದಲ್ಲಿ ಆ ಮಾತನ್ನು ಗುದ್ದಲಿ ಕೈಯಲ್ಲಿಲ್ಲದೆ ಹೇಳಿದ್ದು ಅದೇ ಮೊದಲು.

‘ನಾಟಕ ಬೇಡ. ಬೇಗ ಹೋಗಿ ಇಸ್ಕೊಂಡ್ ಬಾ, ರೈಲಿಗೆ ಹೊತ್ತಾಯ್ತು’ ಅಂದಳು.

ಹತ್ತು ಜನಕ್ಕೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಅದು ಈಗ ಮದ್ದೂರಿನವನ ಮನೆಯಲ್ಲಿದೆ, ಹತ್ತು ನಿಮಿಷ ಹಿಂದೆ ಓಡುತ್ತದೆ ಅಂತ ಸುದ್ದಿ. ಪೀಪಿಯನ್ನು ಕಾಲೇಜಿಗೆ ಒಪ್ಪಿಸಬೇಕಿತ್ತು, ಒಪ್ಪಿಸಲಿಲ್ಲ. ನನ್ನ ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಮಗನ ಕೈಗೆ ಸಿಗಬಾರದು ಅಂತ ಹೇಳುತ್ತಾಳೆ. ಮಗನಿಗೆ ಈಗ ಆರು ತಿಂಗಳು.