ಎರಡು ಲೈನ್, ಒಂದೇ ಕಂಬ
ಪತ್ತಿನ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ



ಇಂಟರ್ನೆಟ್ ಕೈಕೊಟ್ಟರೂ ಕೌಂಟರ್ ನಿಲ್ಲಬಾರದೆಂದು ನಿಮ್ಮಲ್ಲಿ ಹಲವರು ಎರಡನೇ ಲೈನ್ ಹಾಕಿಸಿದ್ದೀರಿ. ಒಳ್ಳೆಯ ಕೆಲಸ. ಆದರೆ ಒಮ್ಮೆ ಕಚೇರಿಯಿಂದ ಹೊರಗೆ ಬಂದು ತಲೆಯೆತ್ತಿ ನೋಡಿ. ಎರಡೂ ಕಂಪನಿಗಳ ಫೈಬರ್ ಒಂದೇ ಕಂಬದಿಂದ ಇಳಿದಿದ್ದರೆ ನೀವು ಕಟ್ಟುತ್ತಿರುವುದು ಎರಡು ಬಿಲ್, ಸಿಕ್ಕಿರುವುದು ಒಂದೇ ದಾರಿ. ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಎರಡೂ ಹೋದವು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಸೀ-ಮೀ-ವೀ 4 ಮತ್ತು ಫ್ಲ್ಯಾಗ್ ಕೇಬಲ್‌ಗಳು ಒಂದೇ ದಿನ ತುಂಡಾಗಿ ಭಾರತದ ಇಂಟರ್ನೆಟ್ ತತ್ತರಿಸಿದ್ದೂ ಹೀಗೆಯೇ. ನಿಮ್ಮ ಎರಡನೇ ಲೈನ್ ಬೇರೆ ಕಂಪನಿಯ 4ಜಿ ಸಿಮ್ ಆಗಿರಲಿ.

ರೂಟರಿನೊಳಗೂ ಒಂದು ಮೋಸವಿದೆ. ರಸ್ತೆಯಲ್ಲಿ ಫೈಬರ್ ಕಡಿದರೂ, ಗೋಡೆಯ ಮೇಲಿನ ಮೋಡೆಮ್‌ನಿಂದ ರೂಟರಿಗೆ ಬಂದ ಕೇಬಲ್ ಸರಿಯಾಗಿಯೇ ಇರುತ್ತದೆ, ರೂಟರಿನಲ್ಲಿ ಅದರ ದೀಪವೂ ಉರಿಯುತ್ತದೆ. ಆ ದೀಪವನ್ನಷ್ಟೇ ನಂಬುವ ರೂಟರ್ ಸಿಮ್‌ಗೆ ಹೊರಳುವುದೇ ಇಲ್ಲ. 8.8.8.8, 1.1.1.1 ಇಂಥ ಹೊರಗಿನ ಎರಡು ವಿಳಾಸಗಳಿಗೆ ಆಗಾಗ ಪಿಂಗ್ ಕಳಿಸಿ, ಎರಡರಿಂದಲೂ ಸತತವಾಗಿ ಉತ್ತರ ಬರದಿದ್ದಾಗ ಲೈನ್ ಬದಲಿಸುವಂತೆ ಹೊಂದಿಸಲು ರೂಟರ್ ಹಾಕಿಕೊಟ್ಟವರಿಗೆ ಹೇಳಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರಿನಲ್ಲಿ ಇದನ್ನು ಎಂವ್ಯಾನ್3 ಎಂಬ ಪ್ಯಾಕೇಜ್ ಮಾಡುತ್ತದೆ. ಅದರಲ್ಲಿ ಮೆಟ್ರಿಕ್ ಎಂಬ ಸಂಖ್ಯೆ ಕಡಿಮೆಯಿರುವ ಲೈನಿಗೆ ಮೊದಲ ಸರದಿ. ಫೈಬರಿಗೆ 10, ಸಿಮ್‌ಗೆ 20 ಕೊಟ್ಟರೆ ಸಾಕು. ಎರಡೂ ಲೈನುಗಳಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸಿಂಗ್ ಬೇಡ. ಐಪಿ ವಿಳಾಸ ನಡುವೆ ಬದಲಾದರೆ ಕೆಲವು ಬ್ಯಾಂಕಿಂಗ್ ಪುಟಗಳು ಲಾಗೌಟ್ ಮಾಡಿಬಿಡುತ್ತವೆ.

ಇನ್ನೊಂದನ್ನು ನಿಮ್ಮ ಸಂಘದ ಖಾತೆಗಳ ಸಾಫ್ಟ್‌ವೇರ್ ಕೊಟ್ಟವರ ಬಳಿ ಇವತ್ತೇ ಕೇಳಿ: ಅವರ ಸರ್ವರ್ ನಿಮ್ಮ ಫೈಬರಿನ ಸ್ಥಿರ ಐಪಿಯನ್ನು ಮಾತ್ರ ಒಳಗೆ ಬಿಡುತ್ತದೆಯೇ? ಹಾಗಿದ್ದರೆ ಸಿಮ್‌ನಲ್ಲಿ ಇಂಟರ್ನೆಟ್ ಇದ್ದೂ ಖಾತೆ ತೆರೆಯುವುದಿಲ್ಲ. ಸಾಮಾನ್ಯ ಸಿಮ್‌ನಲ್ಲಿ ಸಾವಿರಾರು ಜನರಿಗೆ ಒಂದೇ ಹೊರಗಿನ ವಿಳಾಸ ಹಂಚಿಕೆಯಾಗಿರುತ್ತದೆ, ಅದನ್ನು ಅವರ ಪಟ್ಟಿಗೆ ಸೇರಿಸಿ ಪ್ರಯೋಜನವಿಲ್ಲ. ಸಿಮ್‌ನಿಂದಲೂ ಅವರ ಸರ್ವರ್ ತಲುಪಿಸುವ ವಿಪಿಎನ್ ಬೇಕಾಗುತ್ತದೆ. ನನಗೆ ಅತಿ ಹೆಚ್ಚು ಆತಂಕ ಇದರದ್ದೇ, ಏಕೆಂದರೆ ಲೈನ್ ಹೋಗುವ ದಿನದವರೆಗೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೋಡೆಮ್, ರೂಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ವಿಂಡೋಸ್ ಅಪ್‌ಡೇಟ್ ಸಿಮ್‌ನ ದಿನದ ಡೇಟಾ ನುಂಗದಂತೆ ತಡೆಯಿರಿ.

ಮಗಳ ಮದುವೆಗೆ ಅಡವಿಟ್ಟ ಚಿನ್ನ ಬಿಡಿಸಿಕೊಳ್ಳಲು ಬಸ್ಸು ಹಿಡಿದು ಬಂದ ರೈತನಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ಒಂದು ದಿನದ ಕೂಲಿ, ಒಂದು ದಿನದ ಬಡ್ಡಿ ಅವನ ತಲೆಗೇ. ಹಾಗಾಗಿ ತಿಂಗಳಿಗೊಮ್ಮೆ, ಸಂಜೆ ವ್ಯವಹಾರ ಮುಗಿದ ಮೇಲೆ, ಮೋಡೆಮ್‌ನಿಂದ ಫೈಬರ್ ಕಿತ್ತು ಸಿಮ್‌ನ ಮೇಲೆಯೇ ಒಂದು ರಸೀದಿ ತೆಗೆದು ನೋಡಿ. ಬಂದಿತೋ ಇಲ್ಲವೋ ಎಂಬುದನ್ನು ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ದಾಖಲಿಸಿ.

ಇಂತಿ,
ನಿಮ್ಮ ಸಂಘದಂಥದ್ದೇ ಸಂಘವೊಂದರ ಸದಸ್ಯ