ಫ್ರಿಜ್ಜಿಗೆ ಮಣೆ ಹಾಕಿದ ಮನೆ

ಬಸವನಗುಡಿಯ ನಮ್ಮ ಮನೆಗೆ ತಾತ ವೈರಿಂಗ್ ಮಾಡಿಸಿದ್ದು 1950ರ ಸುಮಾರಿಗೆ. ಅಂದಿನಿಂದ ಯಾರೂ ಅದನ್ನು ಮುಟ್ಟಿಲ್ಲ. ಮುಟ್ಟಿದವರು ಎರಡನೇ ಸಲ ಮುಟ್ಟಿಲ್ಲ.

ಬೆಂಗಳೂರಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1905ರಲ್ಲಿ. 1902ರಲ್ಲೇ ಅದು ಕೋಲಾರದ ಗಣಿಗೆ ಹೋಗಿತ್ತು. ಚಿನ್ನ ಮೊದಲು, ಜನ ಆಮೇಲೆ. ಇಂಥ ಊರಿನಲ್ಲಿ ಮುಕ್ಕಾಲು ಶತಮಾನದ ತಂತಿಯೆಂದರೆ ಇನ್ನೂ ಹರೆಯದ್ದು.

ಅದರ ಚೆಂದ ನೋಡಬೇಕು. ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆಸಿಕೊಂಡು ಗೋಡೆಯುದ್ದಕ್ಕೂ ಓಡುವ ಜೋಡಿ ತಂತಿ. ಹೊರಗೆ ನೂಲಿನ ಹೆಣಿಗೆ, ಒಳಗೆ ರಬ್ಬರು, ಅದರೊಳಗೆ ಕಲಾಯಿ ಹಾಕಿದ ತಾಮ್ರ. ರಬ್ಬರಿನ ಗಂಧಕ ತಾಮ್ರವನ್ನು ತಿನ್ನದಿರಲಿ ಎಂದು ಕಲಾಯಿ. ತಾಮ್ರ ಹಾಗೇ ಇದೆ. ರಬ್ಬರು ಮಾತ್ರ ಹಪ್ಪಳವಾಗಿದೆ. ಅಟ್ಟದಲ್ಲಿ ಇಲಿ ಓಡಿದರೆ ಕೆಳಗೆ ಕರಿ ಪುಡಿ ಉದುರುತ್ತದೆ, ತಂತಿ ಬೆಳ್ಳಗೆ ಇಣುಕುತ್ತದೆ. ಈಗಿನವರು ಪೈಪಿನೊಳಗೆ ಎಲ್ಲವನ್ನೂ ಹೂತು ಮುಚ್ಚಿಡುತ್ತಾರೆ. ನಮ್ಮದು ತೆರೆದ ಪುಸ್ತಕ.

ಫ್ಯೂಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮನೆಗಿಂತ ಮೊದಲು ತಾನು ಸಾಯುವುದೇ ಅದರ ಕೆಲಸವಂತೆ. ಅದಕ್ಕೆಂದೇ ಕೂದಲಿನಂಥ ತಂತಿ. 1987ರಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಟೀವಿಯಲ್ಲಿ ರಾಮಾಯಣ ಬರುತ್ತಿರುವಾಗ ಅದು ಕರ್ತವ್ಯ ನಿರ್ವಹಿಸಿತು. ಹಾಲಿನಲ್ಲಿ ಅರ್ಧ ಬೀದಿ ಕೂತಿತ್ತು. ಅಪ್ಪ ಸ್ಟೂಲು ಹತ್ತಿ, ಕೈಗೆ ಸಿಕ್ಕ ದಪ್ಪ ತಂತಿಯ ಮೂರೆಳೆಯನ್ನು ಜನಿವಾರದಂತೆ ಹೊಸೆದು ಪಿಂಗಾಣಿಗೆ ಸುತ್ತಿದರು. ಆವತ್ತಿನಿಂದ ಫ್ಯೂಸು ಹೋಗಿಲ್ಲ. ಮನೆ ಹೋದರೂ ಅದು ಹೋಗುವುದಿಲ್ಲ ಎಂಬ ಭರವಸೆ ನಮಗಿದೆ.

ತಾತನ ಲೆಕ್ಕದಲ್ಲಿ ಐದು ಬಲ್ಬು, ಒಂದು ರೇಡಿಯೋ. ಈಗ ಅದೇ ತಂತಿ 2000 ವಾಟಿನ ಗೀಸರನ್ನೂ ಹೊರುತ್ತಿದೆ. ಅಂದರೆ ಸುಮಾರು 9 ಆಂಪಿಯರ್, 5 ಆಂಪಿಯರಿನ ಪ್ಲಗ್ಗಿನಿಂದ. ದಪ್ಪ ಪಿನ್ನು ಹಿಡಿಸದು, ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿದ್ದೇವೆ. ಅದು ಬಿಳಿಯದಾಗಿತ್ತು, ಈಗ ಅಡಿಕೆಯ ಬಣ್ಣಕ್ಕೆ ತಿರುಗಿ ತೇಗದ ಪಟ್ಟಿಗೆ ಒಪ್ಪುವಂತಿದೆ. ಮನೆಯಲ್ಲಿ ಶಿಸ್ತು ಬೆಳೆದದ್ದೂ ಇದರಿಂದಲೇ. ಚಟ್ನಿ ರುಬ್ಬುವ ಮುಂಚೆ ಅಮ್ಮ ಬಚ್ಚಲ ಬಾಗಿಲು ತಟ್ಟಿ, "ಗೀಸರ್ ಆರ್ಸಿದ್ಯೇನೋ?" ಎಂದು ಕೇಳುತ್ತಾರೆ. ಒಂದೇ ಮನೆಯಲ್ಲಿದ್ದೂ ದಿನವಿಡೀ ಮಾತಿಲ್ಲದ ಕುಟುಂಬಗಳು ಇದನ್ನು ಗಮನಿಸಬೇಕು.

ಫೇಸು, ನ್ಯೂಟ್ರಲ್ಲು, ಎರಡೇ. ನಮ್ಮದು ದ್ವೈತದ ಮನೆ, ಮೂರನೆಯದಕ್ಕೆ ಜಾಗವಿಲ್ಲ. ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಕೊಡುವ ಪದ್ಧತಿಯೊಂದು ಇದೆಯೆಂದು ಕೇಳಿದ್ದೇವೆ. ನಮ್ಮಲ್ಲಿ ಅದಿಲ್ಲ, ಹಾಗಾಗಿ ಬರಿಗಾಲಲ್ಲಿ ಫ್ರಿಜ್ಜಿನ ಹಿಡಿ ಮುಟ್ಟಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಅಡುಗೆಮನೆಗೆ ಚಪ್ಪಲಿ ನಿಷಿದ್ಧ. ಅಮ್ಮ ಅಟ್ಟದಿಂದ ಹಲಸಿನ ಮಣೆಯೊಂದನ್ನು ಇಳಿಸಿ ಫ್ರಿಜ್ಜಿನ ಮುಂದೆ ಹಾಕಿದರು. ಬೀಗರಿಗೆ ಮಣೆ ಹಾಕುವ ಕಾಲ ಹೋದರೂ ನಮ್ಮಲ್ಲಿ ಹಾಲು, ಮೊಸರು ತೆಗೆಯುವವರೆಲ್ಲ ಮಣೆಯ ಮೇಲೆ ನಿಂತೇ ತೆಗೆಯುತ್ತಾರೆ.

ಹೋದ ವರ್ಷ ಒಬ್ಬ ಎಲೆಕ್ಟ್ರಿಷಿಯನ್ ಬಂದಿದ್ದ. ಅಟ್ಟ ಹತ್ತಿ ಇಳಿದವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಸಾರ್, ಇದಿನ್ನೂ ಹತ್ಕೊಂಡಿಲ್ಲ ಅಂದ್ರೆ ನಿಮ್ ಹಿರಿಯರ ಪುಣ್ಯ" ಎಂದ. ಬೇರೆ ಸರ್ಟಿಫಿಕೇಟು ಯಾಕೆ ಬೇಕು? ಆದರೂ ಹೊಸ ತಂತಿ, ಎಂಸಿಬಿ ಡಬ್ಬ, ಅರ್ತಿಂಗ್ ಎಂದೆಲ್ಲ ಎಸ್ಟಿಮೇಟ್ ಬರೆದುಕೊಟ್ಟ. ಸದ್ಯಕ್ಕೆ ಇದಾದರೂ ಇರಲಿ ಎಂದು ಒಂದು ಆರ್‌ಸಿಸಿಬಿ ಕೂರಿಸಿದ. ಸಣ್ಣ ಮನಸ್ಸಿನ ವಸ್ತು. 30 ಮಿಲಿಆಂಪಿಯರ್ ಸೋರಿದರೆ ಸಾಕು, ಮುನಿಸಿಕೊಂಡು ಇಡೀ ಮನೆ ಕತ್ತಲು ಮಾಡುತ್ತದೆ. ಮಳೆ ಬಂದು ಗೋಡೆ ತೇವವಾದರೆ ಬೀಳುತ್ತದೆ, ಫ್ರಿಜ್ಜು ಮುಟ್ಟಿದರೆ ಬೀಳುತ್ತದೆ. ಎಪ್ಪತ್ತೈದು ವರ್ಷ ನಾವು ಸಹಿಸಿಕೊಂಡದ್ದನ್ನು ಅದು ಒಂದು ದಿನವೂ ಸಹಿಸಲಿಲ್ಲ. ನಾಲ್ಕನೇ ದಿನ ಅವನನ್ನೇ ಕರೆಸಿ ಬೈಪಾಸ್ ಮಾಡಿಕೊಡು ಎಂದೆವು. ಅವನು ಒಪ್ಪಲಿಲ್ಲ. ಒಪ್ಪುವವನೊಬ್ಬ ಸಂಜೆಗೇ ಸಿಕ್ಕಿದ.

ಎಸ್ಟಿಮೇಟಿನ ದುಡ್ಡು ಪೋಲಾಗಲಿಲ್ಲ. ಅದರಲ್ಲಿ ಹಾಲಿಗೆ ಫಾಲ್ಸ್ ಸೀಲಿಂಗ್ ಆಯಿತು, ಸಾಲಾಗಿ ಪುಟ್ಟ ಪುಟ್ಟ ದೀಪಗಳೊಡನೆ. ತೇಗದ ಪಟ್ಟಿ, ಉದುರುವ ಪುಡಿ, ಎರಡೂ ಈಗ ಅದರ ಮರೆಯಲ್ಲಿವೆ. ಬಂದವರು ಮೇಲೆ ನೋಡಿ ಎಷ್ಟು ಖರ್ಚಾಯಿತು ಎಂದು ಕೇಳುತ್ತಾರೆ.

ಇವತ್ತು ಮಗಳು ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದಾಳೆ. ರಾತ್ರಿಯಿಡೀ ಚಾರ್ಜಿಗೆ ಹಾಕಬೇಕಂತೆ. ಕಿಟಕಿಗೆ ಹತ್ತಿರದ ಪ್ಲಗ್ಗು ದೇವರ ಮನೆಯದು. ಸ್ವಿಚ್ಚು ಒತ್ತಿದಾಗಲೆಲ್ಲ ಅದರಲ್ಲಿ ಒಂದು ನೀಲಿ ಕಿಡಿ ಮಿನುಗುತ್ತದೆ. ಮಗಳು ವೈರು ಬಿಚ್ಚುತ್ತಿದ್ದಾಳೆ. ಅಮ್ಮ ಸೆರಗು ಸಿಕ್ಕಿಸಿ ಅಟ್ಟದಿಂದ ಇನ್ನೊಂದು ಮಣೆ ಇಳಿಸುತ್ತಿದ್ದಾರೆ.